ಮಂಡಿಯ ಕಾರ್ಟಿಲೇಜ್‌ಗೆ ಸ್ಕ್ಯಾಫೋಲ್ಡ್: ಚಿಕ್ಕಮಗಳೂರು, ಹಾಸನದ ಕಡೆಯವರು ಯಾರಾದರೂ ಹಾಕಿಸಿದ್ದೀರಾ?

ಆಲ್ದೂರು ತೋಟ
ನಮಸ್ಕಾರ. ತಮ್ಮನ ವಿಷಯ, ವಯಸ್ಸು 31. ಮೆಣಸು ಕೊಯ್ಯುವಾಗ ಏಣಿ ಜಾರಿತು. ಬಿದ್ದಾಗ ಮೈಭಾರವೆಲ್ಲ ಬಲಗಾಲಿನ ಮೇಲೆ ಬಂದು ಮಂಡಿ ತಿರುಚಿಕೊಂಡಿತು. ಮೂಳೆ ಮುರಿದಿಲ್ಲ, ಲಿಗಮೆಂಟ್ ಸರಿ ಇದೆ. ಆದರೆ ಊತ ಇಳಿದ ಮೇಲೂ ಇಳಿಜಾರಿನಲ್ಲಿ ನಡೆದರೆ ನೋವು. ಆಗಾಗ ಮಂಡಿ ಒಳಗೇ ಏನೋ ಸಿಕ್ಕಿಹಾಕಿಕೊಂಡ ಹಾಗೆ ಆಗುತ್ತದೆ ಅಂತಾನೆ.

ಎಂಆರ್‌ಐನಲ್ಲಿ ತೊಡೆಮೂಳೆಯ ತುದಿಯ ಒಳಬದಿಯಲ್ಲಿ ಕಾರ್ಟಿಲೇಜ್, ಅಂದರೆ ಮೂಳೆ ತುದಿಯನ್ನು ಮುಚ್ಚುವ ನುಣುಪಾದ ಮೆದು ಪದರ, ಮೂಳೆ ಕಾಣುವವರೆಗೂ ಕಿತ್ತುಹೋಗಿದೆ ಅಂತ ಬಂದಿದೆ. ಗ್ರೇಡ್ 4, ಸುಮಾರು 3 ಚದರ ಸೆಂಟಿಮೀಟರ್. ಒಬ್ಬ ಡಾಕ್ಟರ್ ಮೈಕ್ರೋಫ್ರ್ಯಾಕ್ಚರ್ ಸಾಕು ಅಂದರು. ಇನ್ನೊಬ್ಬರು ಅದರ ಮೇಲೆ ಕೊಲಾಜೆನ್ ಸ್ಕ್ಯಾಫೋಲ್ಡ್, ಅಂದರೆ ಪ್ರೋಟೀನ್ ನಾರಿನ ತೆಳು ಹಾಳೆ, ಹಾಕಬೇಕು ಅಂದರು, ಖರ್ಚು ಕೇಳಿ ಮನೆಯಲ್ಲಿ ಎಲ್ಲರೂ ಸುಮ್ಮನಾದರು. ಮೂರನೆಯವರು ಆಪರೇಷನ್ನೇ ಬೇಡ, ಇಂಜೆಕ್ಷನ್ ಸಾಕು ಅಂತಾರೆ. ಈ ಸ್ಕ್ಯಾಫೋಲ್ಡ್ ನಿಜವಾಗಲೂ ಕೆಲಸ ಮಾಡುತ್ತಾ? ಅವನು ತೋಟದ ಕೆಲಸಕ್ಕೆ ವಾಪಸ್ ಬರಬೇಕು.

ಬೇಲೂರು ರಸ್ತೆ
ನಮ್ಮ ಅಣ್ಣನಿಗೂ ಇದೇ ಮೂರು ಉತ್ತರ ಬಂದಿತ್ತು. ನಾನೂ ಓದ್ತಾ ಇರ್ತೀನಿ.

ಹಾಸನ ಮೂಲದವಳು
ನಾನು ಬಯೋಮೆಟೀರಿಯಲ್ಸ್ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಅಲ್ಲ, ಹಾಗಾಗಿ ತಮ್ಮನಿಗೆ ಯಾವುದು ಸರಿ ಅಂತ ಹೇಳುವುದಿಲ್ಲ. ವಸ್ತುವಿನ ಬಗ್ಗೆ ಹೇಳಬಲ್ಲೆ.

ಕಾರ್ಟಿಲೇಜ್‌ನಲ್ಲಿ ರಕ್ತನಾಳ ಇಲ್ಲ, ನರವೂ ಇಲ್ಲ. ಕೈ ಕುಯ್ದುಕೊಂಡರೆ ರಕ್ತ ಬಂದು ಹೆಪ್ಪುಗಟ್ಟುತ್ತದೆ, ಅದರೊಳಗೆ ಹೊಸ ಜೀವಕೋಶಗಳು ಸೇರಿ ಗಾಯ ಮಾಯುತ್ತದೆ. ಇಲ್ಲಿ ಅದಕ್ಕೆ ದಾರಿಯೇ ಇಲ್ಲ. ಅದರಲ್ಲಿರುವ ಜೀವಕೋಶಗಳೂ ತೀರ ಕಡಿಮೆ, ಓಡಾಡುವಂಥವೂ ಅಲ್ಲ. ಉಳಿದದ್ದೆಲ್ಲ ನೀರು, ಕೊಲಾಜೆನ್ ನಾರು ಮತ್ತು ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕನ್. ಕಾರ್ಟಿಲೇಜ್ ಒಮ್ಮೆ ಹಾಳಾದರೆ ಮತ್ತೆ ಸರಿಹೋಗುವುದಿಲ್ಲ ಅಂತ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದರು. ಆ ಮಾತು ಇವತ್ತಿಗೂ ಹೆಚ್ಚುಕಮ್ಮಿ ನಿಜ.

ಮೈಕ್ರೋಫ್ರ್ಯಾಕ್ಚರ್ ಅಂದರೆ ಗಾಯದ ತಳದ ಮೂಳೆಗೆ ಮೂರು ನಾಲ್ಕು ಮಿಲಿಮೀಟರ್ ಅಂತರದಲ್ಲಿ ಸಣ್ಣ ತೂತು ಮಾಡುವುದು. ಅಮೆರಿಕದ ಸ್ಟೆಡ್‌ಮನ್ 1980ರ ದಶಕದಲ್ಲಿ ಬಳಕೆಗೆ ತಂದರು. ಮೂಳೆಮಜ್ಜೆಯ ರಕ್ತ ಮೇಲೆ ಬಂದು ಹೆಪ್ಪುಗಟ್ಟುತ್ತದೆ, ಅದರಲ್ಲಿರುವ ಜೀವಕೋಶಗಳು ಹೊಸ ಅಂಗಾಂಶ ಕಟ್ಟುತ್ತವೆ. ತೊಂದರೆ ಏನು ಅಂದರೆ, ಬೆಳೆಯುವುದು ಬಹುಪಾಲು ಫೈಬ್ರೋಕಾರ್ಟಿಲೇಜ್. ಮೂಲ ಕಾರ್ಟಿಲೇಜ್‌ನ ನುಣುಪು, ತಾಳಿಕೆ ಅದಕ್ಕಿಲ್ಲ. ಗಾಯ ದೊಡ್ಡದಿದ್ದರೆ ಆ ಹೆಪ್ಪು ಕುಗ್ಗುತ್ತದೆ, ಅಂಚಿನಿಂದ ಬಿಟ್ಟುಕೊಳ್ಳುತ್ತದೆ.

ಸ್ಕ್ಯಾಫೋಲ್ಡ್ ಬರುವುದು ಇಲ್ಲಿ. ಮನೆಗೆ ಆರ್‌ಸಿಸಿ ಹಾಕುವಾಗ ಸೆಂಟ್ರಿಂಗ್ ಕಟ್ಟುತ್ತೀವಲ್ಲ, ಆ ಕೆಲಸ. ಜೀವಕೋಶಗಳು ತಮ್ಮದೇ ಅಂಗಾಂಶ ಕಟ್ಟಿಕೊಳ್ಳುವವರೆಗೆ ಜಾಗ ಹಿಡಿದಿಟ್ಟು, ಆಮೇಲೆ ಕರಗಿ ಹೋಗಬೇಕು. ಬೇಗ ಕರಗಿದರೆ ಕುಸಿಯುತ್ತದೆ. ತಡವಾದರೆ ಹೊಸ ಅಂಗಾಂಶಕ್ಕೆ ಜಾಗ ಸಿಗುವುದಿಲ್ಲ. ರಂಧ್ರ ಚಿಕ್ಕದಾದರೆ ಜೀವಕೋಶ ಒಳಗೆ ಹೋಗುವುದಿಲ್ಲ, ತೀರ ದೊಡ್ಡದಾದರೆ ಗಟ್ಟಿತನ ಇರುವುದಿಲ್ಲ. ನಮ್ಮ ಕಷ್ಟವೆಲ್ಲ ಈ ಹೊಂದಾಣಿಕೆಯಲ್ಲೇ ಇರುವುದು.

ಅರಸೀಕೆರೆ ಜಂಕ್ಷನ್
ನನಗೆ ಇದೆಲ್ಲ ಕಂಪನಿಗಳ ವ್ಯಾಪಾರ ಅನಿಸುತ್ತದೆ. ಮೈಕ್ರೋಫ್ರ್ಯಾಕ್ಚರ್‌ಗೆ ಬೇಕಾಗುವುದು ಒಂದು ಮೊನಚಾದ ಉಪಕರಣ, ಅಷ್ಟೆ. ಅದರ ಮೇಲೆ ಪುಟ್ಟ ಹಾಳೆ ಅಂಟಿಸಿ ಲಕ್ಷದ ಮಾತಾಡುತ್ತಾರೆ. ಅದರಿಂದ ಜಾಸ್ತಿ ಒಳ್ಳೆಯದಾಗುತ್ತದೆ ಅನ್ನೋದಕ್ಕೆ ಸಾಕ್ಷಿ ಎಲ್ಲಿದೆ?

ಮೂಳೆ ವಿಭಾಗ
ಆರ್ಥೋಪೆಡಿಕ್ಸ್ ಪಿಜಿ ನಾನು. ಅರಸೀಕೆರೆಯವರ ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಗಾಯದ ಗಾತ್ರದ ಮೇಲೆ ನಿಂತಿದೆ.

ಗಾಯ 2 ಚದರ ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಮೈಕ್ರೋಫ್ರ್ಯಾಕ್ಚರ್ ಮೊದಲ ಕೆಲವು ವರ್ಷ ಚೆನ್ನಾಗೇ ನಡೆಯುತ್ತದೆ. ದೊಡ್ಡ ಗಾಯಕ್ಕೆ ಹಾಗಲ್ಲ. ಯುರೋಪಿನಲ್ಲಿ ಸಮಿಟ್ ಅನ್ನೋ ಟ್ರಯಲ್ ನಡೆಯಿತು, 144 ಜನ, ಎಲ್ಲರದ್ದೂ 3 ಚದರ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಾಯ. ಅರ್ಧ ಜನಕ್ಕೆ ಮೈಕ್ರೋಫ್ರ್ಯಾಕ್ಚರ್, ಉಳಿದವರಿಗೆ ಮ್ಯಾಸಿ. ಅಂದರೆ ರೋಗಿಯ ಕಾರ್ಟಿಲೇಜ್ ಜೀವಕೋಶವನ್ನೇ ಲ್ಯಾಬ್‌ನಲ್ಲಿ ಬೆಳೆಸಿ ಕೊಲಾಜೆನ್ ಹಾಳೆಯ ಮೇಲೆ ಕೂರಿಸಿ ಹಾಕುವುದು. ಎರಡು ವರ್ಷದ ನಂತರ ನೋವು ಮತ್ತು ಓಡಾಟ ಎರಡರಲ್ಲೂ ಮ್ಯಾಸಿಯವರು ಮುಂದಿದ್ದರು. ಆದರೆ ಎಂಆರ್‌ಐನಲ್ಲಿ ಗಾಯ ತುಂಬಿದ ಪ್ರಮಾಣದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೂ ಹೇಳಲೇಬೇಕು.

ಜೀವಕೋಶ ಇಲ್ಲದೆ, ಮೈಕ್ರೋಫ್ರ್ಯಾಕ್ಚರ್ ಮಾಡಿ ಮೇಲೆ ಹಾಳೆ ಮಾತ್ರ ಹಾಕುವ ವಿಧಾನಕ್ಕೆ ಎಮಿಕ್ ಅಂತಾರೆ. ತಮ್ಮನಿಗೆ ಎರಡನೇ ಡಾಕ್ಟರ್ ಹೇಳಿರುವುದು ಬಹುಶಃ ಇದನ್ನೇ. ಜರ್ಮನಿಯಲ್ಲಿ 47 ಜನರ ಒಂದು ಅಧ್ಯಯನ ಇದೆ. ಮೊದಲ ಎರಡು ವರ್ಷ ಎರಡೂ ಗುಂಪು ಒಂದೇ ಥರ ಸುಧಾರಿಸಿತು. ಐದು ವರ್ಷದ ಹೊತ್ತಿಗೆ ಬರೀ ಮೈಕ್ರೋಫ್ರ್ಯಾಕ್ಚರ್ ಆದವರು ಹಿಂದೆ ಬಿದ್ದರು, ಹಾಳೆ ಹಾಕಿಸಿಕೊಂಡವರು ಹಾಗೇ ಉಳಿದರು. ಸಂಖ್ಯೆ ಸಣ್ಣದು, ನಿಜ. ಆದರೆ 31ರ ಹುಡುಗನಿಗೆ ಐದು ವರ್ಷದಾಚೆಯ ಲೆಕ್ಕವೇ ಮುಖ್ಯ ಅಲ್ವಾ?

ಅರಸೀಕೆರೆ ಜಂಕ್ಷನ್
47 ಜನರ ಮೇಲೆ ಇಷ್ಟು ದುಡ್ಡು ಹಾಕಬೇಕಾ? ಹೀಗೆ ಬಂದು ಹೋದ ವಸ್ತುಗಳೂ ಇರಬೇಕಲ್ಲ.

ಹಾಸನ ಮೂಲದವಳು
ಇವೆ. ಟ್ರೂಫಿಟ್ ಅನ್ನೋ ಪಾಲಿಮರ್ ಪ್ಲಗ್ ಬಂದಿತ್ತು. ಮೂಳೆಗೂ ಕಾರ್ಟಿಲೇಜ್‌ಗೂ ಒಟ್ಟಿಗೆ ಅಂತ ಮಾಡಿದ್ದು. ಎಷ್ಟೋ ಜನರಲ್ಲಿ ಅದು ಕರಗಿದ ಜಾಗದಲ್ಲಿ ಮೂಳೆ ಸರಿಯಾಗಿ ತುಂಬಲಿಲ್ಲ. ಕೊನೆಗೆ ಮಾರಾಟವೇ ನಿಂತಿತು. ಹಾಗಾಗಿ 'ಸ್ಕ್ಯಾಫೋಲ್ಡ್ ಒಳ್ಳೆಯದಾ' ಅಂತ ಕೇಳಬೇಡಿ. ಯಾವ ಸ್ಕ್ಯಾಫೋಲ್ಡ್, ಯಾವ ಗಾಯಕ್ಕೆ, ಎಷ್ಟು ವರ್ಷದ ಫಲಿತಾಂಶ ಇದೆ ಅಂತ ಕೇಳಿ.

ಹೊಳೆನರಸೀಪುರ ಅಮ್ಮನ ಮಗ
ನಮ್ಮ ಅಮ್ಮನಿಗೆ 64. ಎರಡೂ ಮಂಡಿ ಸವೆದಿದೆ, ಕಾಲು ಬಿಲ್ಲಿನ ಹಾಗೆ ಬಾಗಿದೆ. ಮಂಡಿ ಬದಲಾಯಿಸುವ ಬದಲು ಈ ಸ್ಕ್ಯಾಫೋಲ್ಡ್ ಹಾಕಿಸಬಹುದಾ?

ಮೂಳೆ ವಿಭಾಗ
ಅಮ್ಮನಿಗೆ ಇದು ಆಗುವುದಿಲ್ಲ. ಇದನ್ನು ಎಲ್ಲರೂ ಗಮನಿಸಿ, ಯಾಕೆಂದರೆ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ.

ಸ್ಕ್ಯಾಫೋಲ್ಡ್ ಒಳ್ಳೆಯ ಕಾರ್ಟಿಲೇಜ್ ಮಧ್ಯೆ ಆದ ಒಂದು ಗುಂಡಿಗೆ. ಸುತ್ತ ಗಟ್ಟಿ ಅಂಚು ಇರಬೇಕು, ಎದುರಿನ ಮೂಳೆಯ ಮೇಲ್ಮೈ ಚೆನ್ನಾಗಿರಬೇಕು, ಕಾಲು ನೇರ ಇರಬೇಕು. ವಯಸ್ಸಿನ ಸವೆತದಲ್ಲಿ ಇಡೀ ಮೇಲ್ಮೈ ತೆಳುವಾಗಿರುತ್ತದೆ, ಕೆಳಗಿನ ಮೂಳೆ ಬದಲಾಗಿರುತ್ತದೆ, ಒಳಗೆ ಉರಿಯೂತ ಇರುತ್ತದೆ. ಅಲ್ಲಿ ಹಾಳೆ ಹಾಕಿದರೆ ನಿಲ್ಲುವುದಿಲ್ಲ. ಬಾಗಿದ ಕಾಲಿನಲ್ಲಿ ಭಾರವೆಲ್ಲ ಒಳಬದಿಗೇ ಬೀಳುವುದರಿಂದ ಇನ್ನೂ ಕಷ್ಟ.

ಹವಳದಂಥ ಅರಗೊನೈಟ್ ಖನಿಜದಿಂದ ಮಾಡಿದ ಅಜಿಲಿ-ಸಿ ಅನ್ನೋ ಪ್ಲಗ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರ ಟ್ರಯಲ್‌ನಲ್ಲಿ ಸ್ವಲ್ಪ ಮಟ್ಟಿನ ಸವೆತ ಇದ್ದವರೂ ಇದ್ದರು. ಆದರೆ ಕಾಲು ಬಾಗುವಷ್ಟು ಸವೆತಕ್ಕೆ ಅದೂ ಅಲ್ಲ.

ಅಮ್ಮನಿಗೆ ತೂಕ ಇಳಿಸುವುದು, ತೊಡೆಯ ಮುಂದಿನ ಸ್ನಾಯು ಬಲಪಡಿಸುವುದು ಮೊದಲು. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು ನಾಲ್ಕು ಕೆಜಿ ಭಾರ ಕಡಿಮೆ. ಅದಕ್ಕೂ ಬಗ್ಗದಿದ್ದರೆ ಮಂಡಿ ಬದಲಾವಣೆ ಒಳ್ಳೆಯ ಆಪರೇಷನ್, ಹೆದರಬೇಡಿ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಇಂಪ್ಲಾಂಟ್ ಬೆಲೆಗೆ ಮಿತಿ ಹಾಕಿತು. ಜಾಸ್ತಿ ಬಳಕೆಯಲ್ಲಿರುವ ಕೋಬಾಲ್ಟ್ ಕ್ರೋಮಿಯಂ ಮಂಡಿ ಸರಾಸರಿ 1,58,324 ರೂಪಾಯಿ ಇದ್ದದ್ದು 54,720ಕ್ಕೆ ಇಳಿಯಿತು.

ಹೊಳೆನರಸೀಪುರ ಅಮ್ಮನ ಮಗ
ತುಂಬಾ ಉಪಕಾರ ಆಯಿತು ಸರ್. ಅಮ್ಮನನ್ನು ಒಪ್ಪಿಸುವುದೇ ದೊಡ್ಡ ಕೆಲಸ. ಕೊಲಾಜೆನ್ ಪುಡಿ ಕುಡಿದರೆ ಸಾಕು ಅಂತ ಪಕ್ಕದ ಮನೆಯವರು ತಲೆ ತುಂಬಿದ್ದಾರೆ.

ಹಾಸನ ಮೂಲದವಳು
ಕುಡಿದ ಕೊಲಾಜೆನ್ ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲ, ಸಣ್ಣ ತುಣುಕು ಆಗುತ್ತದೆ. ಅದು ಹುಡುಕಿಕೊಂಡು ಹೋಗಿ ಮಂಡಿಯ ಗುಂಡಿ ತುಂಬುವುದಿಲ್ಲ.

ಮೂಡಿಗೆರೆ ಮಳೆ
ಇಂಜೆಕ್ಷನ್ ಅಂದ ಮೂರನೆಯವರ ಬಗ್ಗೆ ಯಾರೂ ಮಾತಾಡಲಿಲ್ಲ. ಭಾವನಿಗೆ ಬೆಂಗಳೂರಿನ ಒಂದು ಕ್ಲಿನಿಕ್‌ನಲ್ಲಿ ಸ್ಟೆಮ್ ಸೆಲ್ (ಬೇರೆ ಬೇರೆ ಅಂಗಾಂಶವಾಗಿ ಬೆಳೆಯಬಲ್ಲ ಜೀವಕೋಶ) ಅಂತ ಹೇಳಿ ಹೊಟ್ಟೆಯ ಕೊಬ್ಬು ತೆಗೆದು ಮಂಡಿಗೆ ಚುಚ್ಚಿದರು. ಕಾರ್ಟಿಲೇಜ್ ಪೂರ್ತಿ ಬೆಳೆಯುತ್ತದೆ ಅಂತ ಬಣ್ಣದ ಚಿತ್ರ ತೋರಿಸಿದ್ದರು. ಕಾಫಿ ಮಾರಿದ ದುಡ್ಡು ಅದಕ್ಕೇ ಹೋಯಿತು. ಬಿಲ್‌ನಲ್ಲಿ 'ಪ್ರೊಸೀಜರ್' ಅನ್ನೋ ಒಂದೇ ಪದ. ಏನು ಹಾಕಿದರು, ಎಷ್ಟು ಹಾಕಿದರು ಅಂತ ಕೇಳಿದರೆ ಉತ್ತರ ಇಲ್ಲ. ಮಂಡಿ ಹೇಗಿತ್ತೋ ಹಾಗೇ ಇದೆ. ಹೊಟ್ಟೆ ಉರಿಯುತ್ತದೆ.

ಮೂಳೆ ವಿಭಾಗ
ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತಕ್ಕೆ ಸಂಬಂಧಿಸಿದ ಕೆಲವು ಕಾಯಿಲೆಗಳಿಗೆ ಮಾಡುವ ಕಸಿ ಬಿಟ್ಟರೆ ಬೇರೆ ಸ್ಟೆಮ್ ಸೆಲ್ ಬಳಕೆ ಮಾಮೂಲಿ ಚಿಕಿತ್ಸೆಯಲ್ಲ, ಟ್ರಯಲ್‌ನಲ್ಲಿ ಮಾತ್ರ ನಡೆಯಬೇಕು. ಆಮೇಲೆ 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ತಯಾರಿಸಿದ ಒಂದು ಇಂಜೆಕ್ಷನ್‌ಗೆ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು. ಅದು ಸವೆತದ ಮಂಡಿಗೆ, ತಮ್ಮನ ಥರದ ಗುಂಡಿಗೆ ಅಲ್ಲ. ಚುಚ್ಚುವ ವಸ್ತುವಿನ ಹೆಸರು, ಬ್ಯಾಚ್ ನಂಬರ್, ಒಪ್ಪಿಗೆ ಪತ್ರ ಕೇಳಿ. ಕೊಡಲ್ಲ ಅಂದರೆ ಎದ್ದು ಬನ್ನಿ.

ಕೊಪ್ಪದ ಕಡೆ
ವಿಷಯ ಸ್ವಲ್ಪ ಬೇರೆ. ನಮ್ಮ ಕಡೆ ಹಂದಿಗೋಡು ಕಾಯಿಲೆಯ ಮನೆಗಳಿವೆ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗೊತ್ತಾಗಿದ್ದು, ಚಿಕ್ಕಮಗಳೂರು ಜಿಲ್ಲೆಯಲ್ಲೂ ಇದೆ. ಸೊಂಟ, ಮಂಡಿ ಹಿಡಿದು ಜನ ತೆವಳುವ ಸ್ಥಿತಿಗೆ ಬರುತ್ತಾರೆ. ಅವರಿಗೆ ಈ ಸ್ಕ್ಯಾಫೋಲ್ಡ್‌ನಿಂದ ಏನಾದರೂ ಆಗುತ್ತಾ?

ಮೂಳೆ ವಿಭಾಗ
ಈಗಿನ ಸ್ಕ್ಯಾಫೋಲ್ಡ್‌ನಿಂದ ಆಗುವುದಿಲ್ಲ. ಅದು ವಂಶದಲ್ಲಿ ಬರುವ ಕಾಯಿಲೆ, ಮೂಳೆಯ ತುದಿ ಬೆಳೆಯುವುದೇ ತಪ್ಪುತ್ತದೆ. ಗುಂಡಿ ತುಂಬಿದರೆ ಆಕಾರ ಸರಿಹೋಗಲ್ಲ. ಸೊಂಟದ ಕೀಲು ಬದಲಾವಣೆಯಿಂದ ನಡೆದಾಡುವ ಹಾಗಾದವರಿದ್ದಾರೆ. ಅದು ಅವರಿಗೆ ಸುಲಭವಾಗಿ ಸಿಗುವಂತಾಗಬೇಕು, ಅದರ ಬಗ್ಗೆ ಬೇರೆಯಾಗೇ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ.

ಓಟಿ ಸಿಸ್ಟರ್
ನಾನು ಓಟಿಯಲ್ಲಿ ಕೆಲಸ ಮಾಡುವವಳು, ಕೊಲಾಜೆನ್ ಹಾಳೆ ಹಾಕುವುದನ್ನು ಹತ್ತಿರದಿಂದ ನೋಡಿದ್ದೇನೆ. ಮೊದಲು ಸಡಿಲವಾದ ಕಾರ್ಟಿಲೇಜ್ ಎಲ್ಲ ಕೆರೆದು, ಅಂಚು ಗೋಡೆಯ ಹಾಗೆ ನೆಟ್ಟಗೆ ನಿಲ್ಲುವವರೆಗೆ ಚೊಕ್ಕ ಮಾಡುತ್ತಾರೆ. ಎಂಆರ್‌ಐನಲ್ಲಿ ಕಂಡದ್ದಕ್ಕಿಂತ ಗಾಯ ದೊಡ್ಡದಾಗುವುದು ಇಲ್ಲೇ. ಹೊಲಿಗೆ ದಾರದ ಪ್ಯಾಕೆಟ್‌ನ ಅಲ್ಯೂಮಿನಿಯಂ ಹಾಳೆ ಇರುತ್ತದಲ್ಲ, ಅದನ್ನು ಗಾಯದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ಆ ಅಚ್ಚಿನಂತೆ ಕೊಲಾಜೆನ್ ಹಾಳೆ ಕತ್ತರಿಸುತ್ತಾರೆ. ಒದ್ದೆಯಾದರೆ ಸ್ವಲ್ಪ ಹಿಗ್ಗುತ್ತದೆ, ಅದಕ್ಕೇ ಒಂದು ಎಳೆ ಚಿಕ್ಕದಾಗೇ ಕತ್ತರಿಸುವುದು. ಹಾಳೆಗೆ ಎರಡು ಮುಖ. ಒರಟು ಮುಖ ಮೂಳೆಯ ಕಡೆಗೆ, ನುಣುಪು ಮುಖ ಮೇಲಕ್ಕೆ. ಫೈಬ್ರಿನ್ ಅಂಟು ಹಾಕಿ ಕಾದು, ಮಂಡಿಯನ್ನು ಕೆಲವು ಸಲ ಮಡಚಿ ಬಿಡಿಸಿ ನೋಡುತ್ತಾರೆ. ಹಾಳೆ ಜರುಗಲಿಲ್ಲ ಅಂದರೆ ಮಾತ್ರ ಗಾಯ ಮುಚ್ಚುವುದು.

ಬೇಲೂರು ರಸ್ತೆ
ಸಿಸ್ಟರ್, ಇಷ್ಟು ವಿವರ ಯಾವ ಡಾಕ್ಟರೂ ನಮಗೆ ಹೇಳಿರಲಿಲ್ಲ.

ಫಿಸಿಯೋ ಚಿಕ್ಕಮಗಳೂರು
ಆಪರೇಷನ್ ಆದ ಮೇಲಿನ ಮಾತು ನನ್ನದು. ಇಲ್ಲಿ ಕೈಬಿಟ್ಟರೆ ಎಷ್ಟು ದುಬಾರಿ ಹಾಳೆ ಹಾಕಿದರೂ ದಂಡ.

ಸುಮಾರು ಆರು ವಾರ ಊರುಗೋಲು. ಕಾಲು ನೆಲಕ್ಕೆ ತಾಗಿಸಬಹುದು, ಆದರೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಮಂಡಿಯನ್ನು ಮಾತ್ರ ದಿನಾ ಮಡಚಿ ಬಿಡಿಸುತ್ತಿರಬೇಕು. ಕಾರ್ಟಿಲೇಜ್‌ಗೆ ಆಹಾರ ಸಿಗುವುದು ಕೀಲಿನ ದ್ರವದಿಂದ, ಚಲನೆ ಇಲ್ಲದೆ ಅದು ಒಳಗೆ ಇಳಿಯುವುದಿಲ್ಲ. ಮಲಗಿಸಿಯೇ ಇಟ್ಟರೂ ತಪ್ಪು, ನಡೆದಾಡಿಸಿದರೂ ತಪ್ಪು.

ನಾನು ಪ್ರತಿ ಸಲ ಮಂಡಿಚಿಪ್ಪಿನ ಮೇಲೆ ಹತ್ತು ಸೆಂಟಿಮೀಟರ್ ಗುರುತು ಮಾಡಿ ಎರಡೂ ತೊಡೆಯ ಸುತ್ತಳತೆ ಟೇಪ್‌ನಲ್ಲಿ ಅಳೆಯುತ್ತೇನೆ. ಆಪರೇಷನ್ ಆದ ಕಾಲಿನ ತೊಡೆ ಕಣ್ಣೆದುರೇ ಸೊರಗುತ್ತದೆ. ಆ ಸ್ನಾಯು ವಾಪಸ್ ಬರದೆ ಇಳಿಜಾರು ಇಳಿಯಬಾರದು.

ತೋಟದ ಮನೆಯವರಿಗೆ ಒಂದು ಮಾತು. ಆಪರೇಷನ್‌ಗೆ ಮೊದಲೇ ಮನೆ ನೋಡಿಕೊಳ್ಳಿ. ಕಮೋಡ್ ಇದೆಯಾ? ಮೆಟ್ಟಿಲಿಗೆ ಹಿಡಿ ಇದೆಯಾ? ಅಂಗಳ ಪಾಚಿ ಕಟ್ಟಿದೆಯಾ? ಮಳೆಗಾಲದಲ್ಲಿ ಊರುಗೋಲು ಹಿಡಿದು ನಮ್ಮ ಅಂಗಳಗಳಲ್ಲಿ ಓಡಾಡುವುದು ಸಾಧ್ಯವೇ ಇಲ್ಲ. ಮಳೆ ನಿಂತ ಮೇಲೆ ಮಾಡಿಸಿ.

ಆಲ್ದೂರು ತೋಟ
ಆದರೆ ಮಳೆ ನಿಂತ ಮೇಲೆ ಕಾಫಿ ಕೊಯ್ಲು ಶುರುವಾಗುತ್ತದಲ್ಲ ಮೇಡಂ. ಅವನು ಯಾವಾಗ ಮೂಟೆ ಹೊರಬಹುದು?

ಫಿಸಿಯೋ ಚಿಕ್ಕಮಗಳೂರು
ಈ ಕೊಯ್ಲು ಮರೆತುಬಿಡಿ. ಕೂತು ಮಾಡುವ ಕೆಲಸಕ್ಕೆ ಬೇಗ ಬರಬಹುದು, ಕಣದಲ್ಲಿ ಲೆಕ್ಕ ಬರೆಯುವುದು, ತೂಕ ನೋಡುವುದು. ಓಟ, ಜಿಗಿತ, ಹೊರೆ ಹೊತ್ತು ಇಳಿಜಾರು ಇಳಿಯುವುದಕ್ಕೆ ಒಂದು ವರ್ಷದ ಹತ್ತಿರ ಬೇಕು. ನಮ್ಮ ಹುಡುಗರು ನೋವು ಹೋದ ತಕ್ಷಣ ಗುಣ ಆಯಿತು ಅಂದುಕೊಳ್ಳುತ್ತಾರೆ. ಒಳಗಿನ ಅಂಗಾಂಶ ಆಗಿನ್ನೂ ಮೆತ್ತಗಿರುತ್ತದೆ. ದೀಪಾವಳಿಗೆ ದೇವೀರಮ್ಮನ ಬೆಟ್ಟ ಹತ್ತೇ ಹತ್ತುತ್ತೀನಿ ಅಂತ ಹಟ ಮಾಡುವವರನ್ನು ತಡೆಯುವುದು ನನಗೆ ಪ್ರತಿ ವರ್ಷದ ಕೆಲಸ.

ಸಕಲೇಶಪುರ ಘಾಟ್
ಏಣಿ ಅಂದಿದ್ದಕ್ಕೆ ಹೇಳುತ್ತಿದ್ದೇನೆ. ಅಲ್ಯೂಮಿನಿಯಂ ಏಣಿ ಬಳಸುತ್ತಿದ್ದರೆ ದಯವಿಟ್ಟು ಬಿಡಿ. ಕರೆಂಟ್ ತಂತಿಗೆ ತಾಗಿ ಮೆಣಸು ಕೊಯ್ಯುವವರು ಜೀವ ಬಿಟ್ಟಿದ್ದಾರೆ, ಮಂಡಿಯಲ್ಲ ಜೀವವೇ ಹೋಗುತ್ತದೆ. ಫೈಬರ್ ಏಣಿ ಬಂದಿದೆ, ಬೆಲೆ ಜಾಸ್ತಿ ಆದರೂ ತಗೊಳ್ಳಿ. ಕೂಲಿಯವರು ಬಿದ್ದಾಗ ಅವರ ಮಂಡಿಗೆ ಎಂಆರ್‌ಐ ಮಾಡಿಸುವವರು ಎಷ್ಟು ಜನ ಇದ್ದೀವಿ?

ಮೂಡಿಗೆರೆ ಮಳೆ
ಕೊನೆಯ ಪ್ರಶ್ನೆ ನೂರಕ್ಕೆ ನೂರು ಸರಿ. ನೋವಿನ ಎಣ್ಣೆ ಹಚ್ಚಿಕೊಂಡು ಮಾರನೇ ದಿನ ಮತ್ತೆ ಕೆಲಸಕ್ಕೆ ಬರುತ್ತಾರೆ.

ಶ್ರವಣಬೆಳಗೊಳ
ನನ್ನದು ಬೇರೆ ಸಂಕಟ. ಅಣ್ಣನ ಮಗನಿಗೆ ಇಂಥದ್ದೇ ಗಾಯ. ಈ ಕೊಲಾಜೆನ್ ಹಾಳೆ ಹಂದಿಯದ್ದು ಅಂತ ಕೇಳಿದೆ. ನಾವು ಜೈನರು. ಮನೆಯಲ್ಲಿ ಹಿರಿಯರಿಗೆ ಹೇಗೆ ಹೇಳುವುದು? ಬೇರೆ ವಸ್ತು ಇದೆಯಾ?

ಹಾಸನ ಮೂಲದವಳು
ಒಳ್ಳೆಯ ಪ್ರಶ್ನೆ, ಆಪರೇಷನ್‌ಗೆ ಮೊದಲೇ ಕೇಳಿದ್ದೀರಿ. ಹೌದು, ಮ್ಯಾಸಿ ಹಾಳೆಯ ಕೊಲಾಜೆನ್ ಹಂದಿಯದ್ದೇ. ಜಪಾನಿನಲ್ಲಿ ಜೀವಕೋಶ ಬೆಳೆಸಲು ಬಳಸುವ ಕೊಲಾಜೆನ್ ಜೆಲ್ ಕೂಡ ಪ್ರಾಣಿ ಮೂಲದ್ದು. ಸ್ಕ್ಯಾಫೋಲ್ಡ್‌ಗೆ ಬಳಸುವ ಇನ್ನೊಂದು ವಸ್ತು ಕೈಟೊಸಾನ್, ಅದು ಬರುವುದು ಸಿಗಡಿ, ಏಡಿ ಚಿಪ್ಪಿನಿಂದ.

ಹಯಲುರಾನಿಕ್ ಆಮ್ಲದ ಸ್ಕ್ಯಾಫೋಲ್ಡ್ ಇದೆ. ಆ ಆಮ್ಲವನ್ನು ಹಿಂದೆ ಹುಂಜದ ಜುಟ್ಟಿನಿಂದ ತೆಗೆಯುತ್ತಿದ್ದರು, ಈಗ ಹೆಚ್ಚಾಗಿ ಬ್ಯಾಕ್ಟೀರಿಯಾ ಹುದುಗಿಸಿ ಮಾಡುತ್ತಾರೆ. ಪಿಎಲ್‌ಜಿಎಯಂಥ ಪಾಲಿಮರ್‌ಗಳು ಪೂರ್ತಿ ಕಾರ್ಖಾನೆಯಲ್ಲಿ ತಯಾರಾಗುವಂಥವು. ನಮ್ಮ ದೇಶದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಕಾರ್ಟಿಗ್ರೋ ವಿಧಾನದಲ್ಲಿ ರೋಗಿಯದೇ ಜೀವಕೋಶ ಬೆಳೆಸಿ ಫೈಬ್ರಿನ್ ಜೆಲ್ ಜೊತೆ ಹಾಕುತ್ತಾರೆ, ಕೊಲಾಜೆನ್ ಹಾಳೆ ಬೇಕಿಲ್ಲ. ಫೈಬ್ರಿನ್ ರಕ್ತದ ಪ್ರೋಟೀನ್. ಆದರೆ ಇದರಲ್ಲಿ ಎರಡು ಸಲ ಆಪರೇಷನ್. ಮೊದಲು ಚೂರು ಕಾರ್ಟಿಲೇಜ್ ತೆಗೆಯಲು, ಕೆಲವು ವಾರದ ನಂತರ ಬೆಳೆದದ್ದನ್ನು ಹಾಕಲು. ಬೆಳೆಸುವ ಹಂತದಲ್ಲಿ ಪ್ರಾಣಿ ಮೂಲದ ಸೀರಂ (ರಕ್ತದಿಂದ ತೆಗೆದ ದ್ರವ) ಬಳಸುತ್ತಾರಾ ಅಂತಲೂ ಕೇಳಿ.

ಶ್ರವಣಬೆಳಗೊಳ
ರೇಷ್ಮೆಯಿಂದಲೂ ಮಾಡುತ್ತಾರಂತೆ ಹೌದಾ? ಅದರಲ್ಲೂ ಹುಳ ಸಾಯುತ್ತದಲ್ಲ.

ಹಾಸನ ಮೂಲದವಳು
ಮಾಡುತ್ತಾರೆ, ನನಗೆ ತುಂಬ ಆಸೆ ಇರುವ ವಸ್ತುವೇ ಅದು. ಗೂಡನ್ನು ಸೋಡಾ ಹಾಕಿದ ನೀರಿನಲ್ಲಿ ಕುದಿಸಿದರೆ ಮೇಲಿನ ಅಂಟು, ಅಂದರೆ ಸೆರಿಸಿನ್, ಬಿಟ್ಟುಕೊಳ್ಳುತ್ತದೆ. ಉಳಿದ ಫೈಬ್ರೋಯಿನ್ ನಾರನ್ನು ಕರಗಿಸಿ ಸ್ಪಂಜಿನಂತೆ ಮಾಡುತ್ತೇವೆ. ಗಟ್ಟಿ, ನಿಧಾನವಾಗಿ ಕರಗುತ್ತದೆ, ಎಷ್ಟು ನಿಧಾನ ಅನ್ನೋದನ್ನು ತಯಾರಿಸುವಾಗಲೇ ಹೊಂದಿಸಬಹುದು. ಐಐಟಿ ಗುವಾಹಟಿಯಲ್ಲಿ ಈ ಬಗ್ಗೆ ಬಹಳ ಕೆಲಸ ಆಗಿದೆ. ಮೂಗಾ, ಟಸರ್ ಥರದ ಕಾಡು ರೇಷ್ಮೆಯಲ್ಲಿ ಜೀವಕೋಶ ಹಿಡಿದುಕೊಳ್ಳಲು ಅನುಕೂಲವಾಗುವ ಅಮೈನೋ ಆಮ್ಲದ ಸರಣಿ ಸಹಜವಾಗೇ ಇದೆ. ಏರಿ ರೇಷ್ಮೆಯ ಗೂಡು ಒಂದು ಕಡೆ ತೆರೆದಿರುತ್ತದೆ, ಚಿಟ್ಟೆ ಹೊರಗೆ ಹೋದ ಮೇಲೂ ನೂಲು ತೆಗೆಯಬಹುದು, ಹುಳ ಕೊಲ್ಲಬೇಕಿಲ್ಲ.

ಆದರೆ ನಿಮ್ಮ ಹುಡುಗನ ಮಂಡಿಗೆ ಇವತ್ತು ಅದನ್ನು ನೆಚ್ಚಿಕೊಳ್ಳಬೇಡಿ. ಲ್ಯಾಬ್‌ನಲ್ಲಿ, ಪ್ರಾಣಿಗಳಲ್ಲಿ ಚೆನ್ನಾಗಿ ಕಂಡದ್ದು ಮನುಷ್ಯನ ಮಂಡಿಯಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ ಅಂತ ಸಾಬೀತಾಗಬೇಕು. ರಾಮನಗರದ ಗೂಡು ನಮ್ಮ ಪಕ್ಕದಲ್ಲೇ ಇದೆ, ಇಲ್ಲೇ ಇಂಥದ್ದು ತಯಾರಾದರೆ ಹೊರದೇಶದ ಹಾಳೆಗೆ ಕೊಡುವ ದುಡ್ಡು ಉಳಿಯುತ್ತದೆ. ಅದಕ್ಕೇ ನಾನು ಈ ಕೆಲಸದಲ್ಲಿದ್ದೇನೆ.

ಅರಸೀಕೆರೆ ಜಂಕ್ಷನ್
ಇದನ್ನು ಒಪ್ಪುತ್ತೇನೆ. ಸಂಶೋಧನೆಗೆ ನನ್ನ ವಿರೋಧ ಇಲ್ಲ. ಸಾಬೀತಾಗುವ ಮೊದಲೇ ಮಾರುವುದಕ್ಕೆ ವಿರೋಧ.

ಆಲ್ದೂರು ತೋಟ
ಎರಡನೇ ಡಾಕ್ಟರ್ ಹತ್ತಿರ ಮತ್ತೆ ಹೋಗಿದ್ದೆವು. ನಿಂತುಕೊಂಡು ತೆಗೆಯುವ ಪೂರ್ತಿ ಕಾಲಿನ ಎಕ್ಸ್‌ರೇ ಮಾಡಿಸಿದರು, ಕಾಲು ನೇರ ಇದೆ. ಹಾಳೆಯ ಹೆಸರು ಬರೆದುಕೊಟ್ಟರು. ಜೀವಕೋಶ ಇಲ್ಲದ್ದು, ಒಂದೇ ಆಪರೇಷನ್. ಒಳಗೆ ನೋಡಿದಾಗ ಗಾಯ ಇನ್ನೂ ದೊಡ್ಡದು ಅಂತ ಕಂಡರೆ ಚೂರು ಕಾರ್ಟಿಲೇಜ್ ತೆಗೆದಿಟ್ಟು ಜೀವಕೋಶ ಬೆಳೆಸುವ ದಾರಿಗೆ ಹೋಗೋಣ ಅಂದರು. ಇನ್ಶೂರೆನ್ಸ್‌ನವರಿಗೆ ಮೊದಲೇ ಪತ್ರ ಕಳಿಸಿದ್ದೇವೆ. ಈ ಕೊಯ್ಲಿಗೆ ತಮ್ಮ ಇಲ್ಲ ಅಂತ ಅಪ್ಪನೂ ಒಪ್ಪಿದರು.

ಮೂಳೆ ವಿಭಾಗ
ಸರಿಯಾದ ಯೋಜನೆ. ಇನ್ನೊಂದು, ಆರ್ತ್ರೋಸ್ಕೋಪಿಯ (ಕ್ಯಾಮೆರಾ ಹಾಕಿ ಕೀಲಿನ ಒಳಗೆ ನೋಡುವುದು) ವಿಡಿಯೋ ಕಾಪಿ ಕೇಳಿ ಇಟ್ಟುಕೊಳ್ಳಿ. ಸಿಗರೇಟು ಸೇದುತ್ತಾನಾ? ಸೇದಿದರೆ ಈಗಲೇ ಬಿಡಿಸಿ, ಹೊಸ ಅಂಗಾಂಶ ಸರಿಯಾಗಿ ಬೆಳೆಯಲ್ಲ.

ಶ್ರವಣಬೆಳಗೊಳ
ನಾವೂ ನಮ್ಮ ಡಾಕ್ಟರ್ ಹತ್ತಿರ ವಸ್ತುವಿನ ಮೂಲ ಬರೆಸಿಕೊಳ್ಳುತ್ತೇವೆ. ಅಂಟಿನ ಬಗ್ಗೆಯೂ ಕೇಳಬೇಕಾ?

ಓಟಿ ಸಿಸ್ಟರ್
ಕೇಳಲೇಬೇಕು. ಕೆಲವು ಫೈಬ್ರಿನ್ ಅಂಟಿನಲ್ಲಿ ಹಸುವಿನಿಂದ ತೆಗೆದ ಅಪ್ರೊಟಿನಿನ್ (ಅಂಟು ಬೇಗ ಕರಗದಂತೆ ತಡೆಯುವ ಪ್ರೋಟೀನ್) ಇರುತ್ತದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಹಿಂದಿನ ದಿನವೇ ಹೇಳಿ. ಟೇಬಲ್ ಮೇಲೆ ಮಲಗಿಸಿದ ಮೇಲೆ ಬೇರೆ ಬ್ರ್ಯಾಂಡ್ ತರಿಸಲು ಆಗುವುದಿಲ್ಲ.